ಮರದ ಸುತ್ತಳತೆ ತೆಗೆಯುವುದು ಹೀಗೆ

ದೇವರಾಯನದುರ್ಗದ ಕಾಡಂಚಿನ ಊರು ನಮ್ಮದು. ಅರಣ್ಯ ಸಮಿತಿಗೆ ಹೊಸದಾಗಿ ಬರುವ ಹುಡುಗರಿಗೆ ನಾನು ಮೊದಲು ಹೇಳಿಕೊಡುವುದು ಟೇಪು ಹಿಡಿಯುವುದನ್ನು. ಕಾಡು ಉಳಿಸಿ ಇಂಗಾಲ ಹಿಡಿದಿಡುವ ರೆಡ್ ಪ್ಲಸ್ ಕಾರ್ಯತಂತ್ರವನ್ನು ದೇಶ 2018ರಲ್ಲೇ ಹೊರತಂದಿದೆ. ಆದರೆ ಮರ ಅಳೆಯದೆ ಉಳಿದದ್ದೆಷ್ಟು ಅಂತ ಹೇಗೆ ಗೊತ್ತಾಗಬೇಕು, ಅಲ್ವಾ?

ಒಂದು ಕೋಲಿಗೆ 1.37 ಮೀಟರಿಗೆ ಗುರುತು ಹಾಕಿ. ಬುಡಕ್ಕೆ ಆನಿಸಿ, ಆ ಎತ್ತರಕ್ಕೇ ಟೇಪು ಸುತ್ತಿ. ಇಳಿಜಾರಾದರೆ ಮೇಲ್ಗಡೆ ನಿಂತು ಅಳೆಯಿರಿ. ಗುರುತಿಗಿಂತ ಕೆಳಗೇ ಕವಲೊಡೆದಿದ್ದರೆ ಎರಡು ಮರ ಅಂತ ಬರೆದುಕೊಳ್ಳಿ. ಬಳ್ಳಿ ಹಬ್ಬಿದ್ದರೆ ಎತ್ತಿ ಹಿಡಿದು, ಅದರಡಿ ಟೇಪು ತೂರಿಸಿ. ನಾನೊಮ್ಮೆ ಸೋಮಾರಿತನಕ್ಕೆ ಬಳ್ಳಿಯ ಮೇಲೇ ಸುತ್ತಿ, ದಿಂಡುಗದ ಮರವೊಂದನ್ನು ಸುಮ್ನೆ ದಪ್ಪ ಮಾಡಿಬಿಟ್ಟಿದ್ದೆ. ಮುಂದಿನ ವರ್ಷ ಅಳೆದರೆ ಮರ ಸಣ್ಣಗಾಗಿತ್ತು! ಹುಡುಗರು ಇವತ್ತಿಗೂ ನಗುತ್ತಾರೆ.

ಜಾತಿ, ಎತ್ತರವನ್ನೂ ಬರೆದಿಡಿ. ಸುತ್ತಳತೆಯ ಜೊತೆ ಇವನ್ನೂ ಸೇರಿಸಿದರೇ ಮರದ ತೂಕದ ಲೆಕ್ಕ ಬರುತ್ತದೆ. ಒಣ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ. ಆ ಇಂಗಾಲದ ತೂಕವನ್ನು 3.67ರಿಂದ ಗುಣಿಸಿದರೆ, ಮರ ಗಾಳಿಯಿಂದ ಹೀರಿಕೊಂಡ ಕಾರ್ಬನ್ ಡೈಆಕ್ಸೈಡ್ ಎಷ್ಟು ಅಂತ ಸಿಗುತ್ತದೆ.

ಅಳೆದ ಮರಕ್ಕೆ ಸುಣ್ಣದ ಬೊಟ್ಟು ಇಡಿ. ಇಲ್ಲದಿದ್ದರೆ ಊಟ ಮುಗಿಸಿ ಬಂದವರು ಅದನ್ನೇ ಮತ್ತೆ ಅಳೆಯುತ್ತಾರೆ.