ಕಲಬುರಗಿ ಮಾಳಿಗೆ ಮೇಲೆ ದುಂಡು ಮಲ್ಲಿಗೆ: ಮೂರನೇ ಬೇಸಿಗೆಗೆ ಗೆದ್ದೆ

ಹೋಳಿ ಹುಣ್ಣಿಮೆ ಆದ ಐದನೇ ದಿನ ಶರಣಬಸವೇಶ್ವರರ ತೇರು. ಈ ವರ್ಷ ತೇರಿಗೆ ಹೊರಟಾಗ ನಮ್ಮ ಅತ್ತೆ ಮುಡಿದಿದ್ದು ನಮ್ಮ ಮಾಳಿಗೆಯದೇ ದುಂಡು ಮಲ್ಲಿಗೆ. "ಇಲ್ಲಿ ಬಿಸಲಿಗಿ ಮಂದೀನೇ ಬಾಡತಾರ, ನಿನ್ನ ಮಲ್ಲಿಗಿ ಏನ್ ಅರಳತದವಾ?" ಅಂತ ಎರಡು ವರ್ಷ ನಕ್ಕವರೂ ಅವರೇ. ಆದ್ದರಿಂದ ಇದನ್ನು ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ.

ಮೊದಲ ವರ್ಷ ಫೆಬ್ರುವರಿಯಲ್ಲಿ ಗಾಡಿಯವನ ಹತ್ತಿರ ಹತ್ತು ಸಸಿ ತಗೊಂಡೆ. ಒಂದಕ್ಕೆ 70 ರೂಪಾಯಿ ಇದ್ದ ನೆನಪು. ಕಪ್ಪು ಗ್ರೋ ಬ್ಯಾಗು, ಕೋಕೋಪೀಟು, ಎರೆಗೊಬ್ಬರ ಎಲ್ಲ ಸೇರಿ ಮೂರೂವರೆ ಸಾವಿರ ಹೋಯಿತು. ಏಪ್ರಿಲ್ ಮುಗಿಯೋದರೊಳಗೆ ಏಳು ಗಿಡ ಸತ್ತವು. ದಿನಕ್ಕೆ ಎರಡು ಸಲ ನೀರು ಹಾಕಿದರೂ ಸತ್ತವು. ಒಂದು ದಿನ ಮಧ್ಯಾಹ್ನ ಮೂರರ ಸುಮಾರಿಗೆ ಒಂದು ಬ್ಯಾಗಿನೊಳಗೆ ಬೆರಳು ತೂರಿಸಿದೆ. ಒಳಗೆ ಹಸಿ ಇತ್ತು, ಆದರೆ ಬೆರಳು ಇಡಲಾಗದಷ್ಟು ಸುಡುತ್ತಿತ್ತು. ಅದೂ ಬಿಸಿಲು ಬೀಳುವ ಪಕ್ಕದಲ್ಲಿ. ಇತ್ತ ನೆರಳಿನ ಪಕ್ಕ ತಣ್ಣಗಿತ್ತು. ಮಲ್ಲಿಗೆಗೆ ಮೇಲಿನ ಬಿಸಿಲು ಬೇಕೇ ಬೇಕು, ಅದರಿಂದಲೇ ಮೊಗ್ಗು. ಸಾಯಿಸಿದ್ದು ಬೇರಿಗೆ ಹತ್ತಿದ ಕಾವು. ಇದು ಹೊಳೆಯೋಕೆ ನನಗೆ ಏಳು ಗಿಡ ಬೇಕಾಯಿತು.

ಎರಡನೇ ವರ್ಷದ ಕಥೆ ಇನ್ನೂ ಜೋರು. ನಮ್ಮ ಮನೆಯವರು ಊರಿಂದ ಎರಡು ಚೀಲ ಎರೆ ಮಣ್ಣು, ಅಂದರೆ ಹೊಲದ ಕಪ್ಪು ಮಣ್ಣು, ತಂದರು. "ತೊಗರಿ ಬೆಳಿಯೋ ಮಣ್ಣಿನ್ಯಾಗ ಹೂ ಬೆಳಿಯಲ್ಲೇನು?" ಅಂದರು. ಹೊಲದಲ್ಲಿ ಬೆಳೆಯಬಹುದು ಮಾರಾಯ್ರೆ, ಕುಂಡದಲ್ಲಿ ಅಲ್ಲ. ಒಂದು ದಿನ ನೀರು ತಪ್ಪಿದರೆ ಮಣ್ಣು ಕುಗ್ಗಿ ಕುಂಡದ ಗೋಡೆ ಬಿಟ್ಟುಕೊಂಡಿತು. ಸಂದಿಯಲ್ಲಿ ಪೆನ್ಸಿಲ್ ಇಳಿಯುತ್ತಿತ್ತು. ಹಾಕಿದ ನೀರು ಆ ಸಂದಿಯಿಂದ ಕೆಳಗೆ ಸುರಿದು ಹೋಯಿತು, ನಡುವಿನ ಮುದ್ದೆ ಒಣಗಿಕೊಂಡೇ ಇತ್ತು.

ಅದರ ಜೊತೆಗೆ ಜಾಣತನ ಅಂದುಕೊಂಡು ಕುಡಿಯುವ ನೀರಿನ ಆರ್.ಓ. ಫಿಲ್ಟರು ಬೇಡವೆಂದು ಹೊರಬಿಡುವ ನೀರನ್ನು ಬಕೆಟ್‌ನಲ್ಲಿ ಹಿಡಿದು ಗಿಡಕ್ಕೆ ಹಾಕಿದೆ. ಬೋರಿನ ನೀರೇ ಗಡುಸು, ಅದರ ಉಪ್ಪೆಲ್ಲ ಸೇರಿದ ನೀರು ಅದು. ಎರಡು ತಿಂಗಳಲ್ಲಿ ಮಣ್ಣಿನ ಮೇಲೆ ಬಿಳಿ ಪೊರೆ, ಎಲೆ ತುದಿ ಸುಟ್ಟ ಹಾಗೆ. ಕೂಲರ್ ಟ್ಯಾಂಕಿನ ಹಳೆ ನೀರೂ ಅದೇ ಜಾತಿ. ಹನಿಹನಿಯಾಗಿ ಆವಿಯಾಗಿ ಉಳಿದ ಉಪ್ಪೆಲ್ಲ ಅದರಲ್ಲೇ ಇರುತ್ತದೆ, ಸುಮ್ನೆ ಚೆಲ್ಲಿಬಿಡಿ. ಎ.ಸಿ. ನೀರು ಒಳ್ಳೆಯದು, ಆದರೆ ನಮ್ಮ ಒಣ ಸೆಕೆಗೆ ಅದರಿಂದ ಬರೋದು ತಂಬಿಗೆ ಲೆಕ್ಕ.

ಆ ವರ್ಷವೇ ಎಳೆ ಎಲೆಗಳು ಹಳದಿಯಾದವು, ನರ ಮಾತ್ರ ಹಸಿರು. ಗಿಡಕ್ಕೆ ಹಸಿವು ಅಂದುಕೊಂಡು ಯೂರಿಯಾ ಕೊಟ್ಟೆ, ಪ್ರಯೋಜನ ಆಗಲಿಲ್ಲ. ಅದು ಕಬ್ಬಿಣದ ಕೊರತೆ, ಸುಣ್ಣದ ಮಣ್ಣು ಮತ್ತು ಗಡುಸು ನೀರಿನ ಕಾಟ. ಲೀಟರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), ಅರ್ಧ ನಿಂಬೆಹಣ್ಣಿನ ರಸ. ಸಂಜೆ ಎಲೆಗೆ ಸಿಂಪಡಿಸಿದೆ. ವಾರಕ್ಕೊಂದರಂತೆ ಮೂರು ಸಲಕ್ಕೆ ಹಸಿರು ಬಂತು. ಜೊತೆಗೆ ಮಾಳಿಗೆಗೆ ಹಾಸಿದ ಶಹಾಬಾದ್ ಫರ್ಸಿ ಕಲ್ಲಿನ ಮೇಲೆ ತುಕ್ಕಿನ ಬಣ್ಣದ ಕಲೆಯೂ ಬಂತು. ಎಷ್ಟು ತಿಕ್ಕಿದರೂ ಹೋಗಿಲ್ಲ. ಅತ್ತೆ ಬಂದವರಿಗೆಲ್ಲ ಅದನ್ನೇ ತೋರಿಸುತ್ತಾರೆ.

ಮೂರನೇ ಸಲಕ್ಕೆ ಮಣ್ಣು ಬದಲಿಸಿದೆ. ಬೀದರ್ ಕಡೆಯ ಕೆಂಪು ಮಣ್ಣು ಎರಡು ಪಾಲು, ಹಳೆ ತಿಪ್ಪೆಗೊಬ್ಬರ ಒಂದು ಪಾಲು, ಮರಳು ಅರ್ಧ ಪಾಲು, ಎರೆ ಮಣ್ಣು ಬರೀ ಎರಡು ಹಿಡಿ. ಗುಜರಿಯಿಂದ 20 ಲೀಟರಿನ ಪೇಂಟ್ ಬಕೆಟ್ 40 ರೂಪಾಯಿಗೊಂದರಂತೆ ಹದಿನಾಲ್ಕು ತಂದೆ. ತಳಕ್ಕೆ ತೂತು, ಹೊರಗೆ ಸುಣ್ಣ. ಅದರೊಳಗೆ ಮಣ್ಣಿನ ಕುಂಡ, ಸುತ್ತಲಿನ ಸಂದಿಗೆ ತೊಗರಿ ಹೊಟ್ಟು ಗಿಡಿದು ತುಂಬಿದೆ. ಮೇಲೂ ಎರಡು ಇಂಚು ಹೊಟ್ಟು. ಬಕೆಟ್ ನಿಲ್ಲೋದು ಇಟ್ಟಿಗೆ ಮೇಲೆ, ಫರ್ಸಿಗೆ ತಾಗಬಾರದು. ಹೊಟ್ಟಂತೂ ರಾಶಿ ಮುಗಿದ ಮೇಲೆ ಊರಲ್ಲಿ ಪುಕ್ಕಟೆ. 43 ಡಿಗ್ರಿ ಇದ್ದ ದಿನವೂ ಒಳಗೆ ಬೆರಳಿಟ್ಟರೆ ಬೆಚ್ಚಗೆ, ಅಷ್ಟೇ. ನೀರು ಬೆಳಗಿನ ಜಾವ ಒಂದೇ ಸಲ. ಹದಿನೈದು ದಿನಕ್ಕೊಮ್ಮೆ ತಳದಿಂದ ಹರಿದು ಹೋಗುವಷ್ಟು ನಳದ ನೀರು ಹಾಕಿ ಉಪ್ಪು ತೊಳೆಯುತ್ತೇನೆ.

ತೇರಿಗೆ ಹೂವು ಬರಬೇಕು ಅಂದರೆ ಲೆಕ್ಕ ಎಳ್ಳಮಾಸಿಯಿಂದ (ಎಳ್ಳು ಅಮಾವಾಸ್ಯೆ) ಶುರು. ಅವತ್ತಿಂದ ನೀರು ಕಡಿಮೆ ಮಾಡಿದೆ. ಎರಡು ವಾರಕ್ಕೆ ಎಲೆ ಬಾಡಿ ಉದುರಿದವು. ಸಂಕ್ರಾಂತಿ ಆದ ಮೇಲೆ ಮಣ್ಣಿಂದ ಒಂದೂವರೆ ಅಡಿ ಬಿಟ್ಟು ಪೂರ್ತಿ ಕತ್ತರಿಸಿದೆ. ಉಳಿದ ಎಲೆಯನ್ನೂ ಕೈಯಿಂದ ಕಿತ್ತೆ. ಪಕ್ಕದ ಮನೆ ಕಾಕಾ ನೋಡಿ "ಕಟಿಗಿ ಮಾಡಿಬಿಟ್ಟಿಯಲ್ಲವಾ" ಅಂದರು. ನಾಲ್ಕು ದಿನ ಬಿಟ್ಟು ಗೊಬ್ಬರ, ನೀರು. ಆ ಮೊದಲ ನೀರಲ್ಲಿ ಇನ್ನೊಂದು ಬೆರೆಸುತ್ತೇನೆ. ಅದು ನಮ್ಮ ಅಡುಗೆಮನೆಯಲ್ಲೇ ಇರಲಿ. ಎರಡು ತಿಂಗಳೊಳಗೆ ಮೊದಲ ಮೊಗ್ಗು ಕಂಡಿತು. ಏಪ್ರಿಲ್‌ನಲ್ಲಿ ಜೋರಿದ್ದಾಗ ಸಂಜೆಗೆ ಮುನ್ನೂರರ ಹತ್ತಿರ ಮೊಗ್ಗು. ದಟ್ಟವಾಗಿ ಕಟ್ಟಿದರೆ ಮೂರು ಮೊಳ ಮೇಲೆ. ಹೊರಗೆ ಮೊಳಕ್ಕೆ 20, ಹಬ್ಬದಲ್ಲಿ 40 ಕೊಡಬೇಕು. ಹಾಕಿದ ದುಡ್ಡು ಇನ್ನೂ ಪೂರ್ತಿ ಬಂದಿಲ್ಲ ಬಿಡಿ.

ನಡುವೆ ಕುಸುಬಿ ಹಿಂಡಿ ನೆನೆಸಿ ಕೊಳೆಸಿ ಹಾಕಿ ನೋಡಿದೆ. ಗಿಡಕ್ಕೆ ಇಷ್ಟ ಆಯಿತು, ಓಣಿಗೆ ಆಗಲಿಲ್ಲ. ವಾಸನೆಗೆ ಎರಡು ಮನೆಯವರು ಬಂದು ಕೇಳಿದರು, ನಿಲ್ಲಿಸಿದೆ. ತೆಂಗಿನ ಚಿಪ್ಪಿನಲ್ಲಿ ಟೇಬಲ್ ರೋಸ್ ಚುಚ್ಚಿ ಕಂಬಿಗೆ ಕಟ್ಟಿದ್ದು ಮಾತ್ರ ಖರ್ಚಿಲ್ಲದ ಗೆಲುವು. ಬೆಳಗ್ಗೆ ಬಿಸಿಲೇರಿದಂತೆ ಅರಳಿ ಕೂತಿರುತ್ತದೆ. ಅದನ್ನು ಸಾಯಿಸೋದೇ ಕಷ್ಟ.

ಮೇ ತಿಂಗಳಲ್ಲಿ ಎರಡು ತೊಂದರೆ. ಎಲೆ ಅಡಿಯಲ್ಲಿ ಕೆಂಪು ನುಸಿ ಬಲೆ ಕಟ್ಟಿತು. ಬೆಳಗ್ಗೆ ಪೈಪಿನಿಂದ ಎಲೆ ಅಡಿಗೆ ಜೋರಾಗಿ ನೀರು ಹೊಡೆದು ಹತೋಟಿಗೆ ತಂದೆ. ಇನ್ನೊಂದು, ಗಾಳಿ ಮಳೆಗೆ ಹೊಟ್ಟೆಲ್ಲ ಹಾರಿ ಕಾಕಾ ಮನೆಯ ಶಂಡಿಗೆ ಮೇಲೆ ಬಿತ್ತು. ಅವತ್ತಿಂದ ಹೊಟ್ಟಿನ ಮೇಲೆ ಗೋಣಿಚೀಲ ಹೊದಿಸಿ ಕಲ್ಲಿಡುತ್ತೇನೆ. ಕಾಕಿಗೆ ಎರಡು ಮೊಳ ಹೂವು ಕೊಟ್ಟು ರಾಜಿಯಾದೆ. ಜೂನ್‌ನಲ್ಲಿ ಹನ್ನೆರಡು ಕಡ್ಡಿ ನೆಟ್ಟೆ, ಐದು ಚಿಗುರಿವೆ. ಅದರಲ್ಲಿ ಎರಡು ಕಾಕಾ ಅವರಿಗಂತೆ, ಆಗಲೇ ಬಕೆಟ್ ತಂದು ಮೆಟ್ಟಿಲ ಹತ್ತಿರ ಇಟ್ಟುಹೋಗಿದ್ದಾರೆ.