ಮನೆ ಮಾರುವ ಮುಂಚೆ ಮಾಡಿಸಿದ ರಿಪೇರಿ: ನನ್ನ ಅನುಭವ

ಬೆಂಗಳೂರಿನ ಬನಶಂಕರಿ ಕಡೆ ನಮ್ಮದೊಂದು ಹಳೇ ಮನೆ ಇತ್ತು. 30x40 ಅಡಿ ಸೈಟು, 1996ರಲ್ಲಿ ಅಪ್ಪ ಕಟ್ಟಿಸಿದ್ದು. ಕಳೆದ ವರ್ಷ ಮಾರಿದೆವು. ಸ್ವಲ್ಪ ಖರ್ಚು ಮಾಡಿ ಚೆಂದ ಮಾಡಿಸಿ, ರೇಟು ತಾನೇ ಏರುತ್ತೆ ಅಂತ ನೆಂಟರೆಲ್ಲ ಹೇಳಿದರು. ನಾನೂ ನಂಬಿದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಮೊದಲು ಕೈ ಹಾಕಿದ್ದು ಅಡುಗೆಮನೆಗೆ. ಮಾಡ್ಯುಲರ್ ಕಿಚನ್, 3.25 ಲಕ್ಷ. ಹಾಲ್‌ಗೆ ಫಾಲ್ಸ್ ಸೀಲಿಂಗ್, ಇನ್ನೊಂದು 90 ಸಾವಿರ. ನೋಡಲು ಬಂದ ಮೊದಲ ಮನೆಯವರ ಅಜ್ಜಿ ಅಡುಗೆಮನೆ ಬಾಗಿಲಲ್ಲೇ ನಿಂತರು. "ಒಲೆ ಮುಂದೆ ನಿಂತ್ರೆ ಮುಖ ದಕ್ಷಿಣಕ್ಕೆ ಬರುತ್ತಲ್ಲಪ್ಪ, ಇದನ್ನೆಲ್ಲ ಕೀಳಿಸ್ಬೇಕು" ಅಂದರು. ಕೀಳಿಸುವ ಖರ್ಚನ್ನು ರೇಟಿನಲ್ಲಿ ಕಳೆಯಿರಿ ಅಂದ ಅಜ್ಜಿಯ ಮಗ. ಸೀಲಿಂಗ್ ಕಡೆ ಯಾರೂ ತಲೆ ಎತ್ತಿ ನೋಡಲಿಲ್ಲ.

ಎರಡನೇ ಸಲ ಬಂದವರು ರಿಟೈರ್ ಆದ ಹಿರಿಯರು. ಹೆಚ್ಚು ಮಾತಿಲ್ಲ. ಸೀದಾ ರೂಮಿಗೆ ಹೋಗಿ, ಬೀರು ಹಿಂದಿನ ಗೋಡೆಗೆ ಅಂಗೈ ಇಟ್ಟು ಒತ್ತಿದರು. ಕೈ ತೆಗೆದಾಗ ಬಣ್ಣದ ಸಿಪ್ಪೆ, ಬಿಳೀ ಉಪ್ಪಿನ ಪುಡಿ ಅಂಟಿಕೊಂಡಿತ್ತು. ಆ ಗೋಡೆಯ ಆಚೆ ಬಾತ್‌ರೂಮ್. ತೇವ ಇರುವುದು ನನಗೆ ಗೊತ್ತಿತ್ತು. ಪೇಂಟರ್ "ಪುಟ್ಟಿ ಹೊಡೆದ್ರೆ ಕಾಣಲ್ಲ ಸರ್" ಅಂದಿದ್ದ, ನಾನೂ ಹೂಂ ಅಂದಿದ್ದೆ. ಎರಡೇ ತಿಂಗಳಲ್ಲಿ ಪುಟ್ಟಿ ಉಬ್ಬಿ ನನ್ನ ಮಾನ ಕಳೆಯಿತು.

ಅವತ್ತೇ ನಿರ್ಧಾರ ಮಾಡಿದೆ, ಇನ್ನು ಕಣ್ಣಿಗೆ ಕಾಣುವುದಕ್ಕಲ್ಲ, ನೀರಿಗೆ ಖರ್ಚು ಮಾಡೋಣ ಅಂತ. ಬಾತ್‌ರೂಮಿನ ಟೈಲ್ಸ್ ಕಿತ್ತರೆ ಒಳಗೆ ಹಳೇ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪ್ ತುಕ್ಕು ಹಿಡಿದು ಜಿನುಗುತ್ತಿತ್ತು. ಸಿಪಿವಿಸಿ ಅನ್ನುವ ಪ್ಲಾಸ್ಟಿಕ್ ಪೈಪ್ ಹಾಕಿಸಿ, ವಾಟರ್‌ಪ್ರೂಫಿಂಗ್ ಕೋಟ್ ಕೊಡಿಸಿ, ಅದರ ಮೇಲೆ ಟೈಲ್ಸ್ ಕೂರಿಸಿದೆವು. ಗೋಡೆಯ ಗಾರೆ ಕೆತ್ತಿಸಿ, ಪೂರ್ತಿ ಒಣಗುವ ತನಕ ಬಣ್ಣ ಮುಟ್ಟಿಸಲಿಲ್ಲ. ತಾರಸಿಯಲ್ಲಿ ನೀರು ಹೋಗುವ ತೂತುಗಳನ್ನು ಮುಚ್ಚಿ, 2 ದಿನ ನೀರು ನಿಲ್ಲಿಸಿ, ಕೆಳಗೆ ಎಲ್ಲಿ ಒದ್ದೆ ಆಗುತ್ತೆ ಅಂತ ಚಾಕ್‌ನಲ್ಲಿ ಗುರುತು ಹಾಕಿದೆ. 3 ಕಡೆ ಬಿರುಕಿತ್ತು. ಎಲ್ಲ ಸೇರಿ 1.1 ಲಕ್ಷ.

ಆಮೇಲೆ ಗೇಟು. ಫೋನ್ ಮಾಡಿದವರೆಲ್ಲ ಕೇಳುತ್ತಿದ್ದುದು ಒಂದೇ, "ಕಾರ್ ಒಳಗೆ ಹೋಗುತ್ತಾ?" ಅಪ್ಪನ ಕಾಲಕ್ಕೆ ಸ್ಕೂಟರ್ ಸಾಕಿತ್ತು. ಕಾಂಪೌಂಡ್ ಸ್ವಲ್ಪ ಒಡೆಸಿ ಅಗಲದ ಗೇಟು ಕೂರಿಸಲು 42 ಸಾವಿರ ಆಯಿತು. ಅಷ್ಟು ಲಾಭ ಕೊಟ್ಟ ಖರ್ಚು ಇನ್ನೊಂದಿಲ್ಲ. ರೆಡ್ ಆಕ್ಸೈಡ್ ನೆಲಕ್ಕೆ ಮಾತ್ರ ಕೈ ಹಚ್ಚಲಿಲ್ಲ, ಸುಮ್ನೆ ಪಾಲಿಶ್ ಮಾಡಿಸಿದೆ. ಅದರ ಮೇಲೆ ಟೈಲ್ಸ್ ಹಾಕಿಸೋಣ ಅಂದವರ ಮಾತು ಕೇಳದೇ ಇದ್ದದ್ದು ಒಳ್ಳೇದಾಯ್ತು.

ಇಷ್ಟೆಲ್ಲ ಆದರೂ ಖಾತೆ, ಅಂದರೆ ಪಾಲಿಕೆಯಲ್ಲಿರುವ ಆಸ್ತಿಯ ದಾಖಲೆ, ಇನ್ನೂ ಅಪ್ಪನ ಹೆಸರಲ್ಲೇ ಇತ್ತು. ಈಗ ಬೆಂಗಳೂರಿನಲ್ಲಿ ಇ-ಖಾತಾ (ಖಾತೆಯ ಡಿಜಿಟಲ್ ರೂಪ) ಇಲ್ಲದೆ ಮಾರಾಟದ ನೋಂದಣಿ ಆಗುವುದಿಲ್ಲ. ಖಾತೆ ಬದಲಾವಣೆ, ಇ-ಖಾತಾ, ಇಸಿ (ಆಸ್ತಿ ಮೇಲಿನ ಋಣಭಾರ ತೋರಿಸುವ ಪತ್ರ) ಅಂತ ಓಡಾಡುವಷ್ಟರಲ್ಲಿ ಒಬ್ಬ ಒಳ್ಳೇ ಗಿರಾಕಿ ಕೈಬಿಟ್ಟು ಹೋದ. ಈ ಕೆಲಸ ಕಿಚನ್‌ಗಿಂತ ಮೊದಲು ಆಗಬೇಕಿತ್ತು ಅಲ್ವಾ!

ಕೊನೆಗೆ ಕೊಂಡವರು ಆ ಗೋಡೆ ಮುಟ್ಟಿದ ಹಿರಿಯರೇ. 4 ತಿಂಗಳ ನಂತರ ಫೋನ್ ಮಾಡಿ ಕರೆಸಿದ್ದೆ. ಮತ್ತೆ ಬೀರು ಸರಿಸಿ ಅಂಗೈ ಇಟ್ಟರು, ಕೈ ನೋಡಿಕೊಂಡರು, ಆಮೇಲೆ ಕೂತು ರೇಟಿನ ಮಾತಿಗೆ ಬಂದರು.

ಇನ್ನೊಂದು ವಿಷಯ. ಮನೆ ಮಾರಿದ ಲಾಭಕ್ಕೆ ತೆರಿಗೆ ಲೆಕ್ಕ ಹಾಕುವಾಗ ಮನೆಗೆ ಮಾಡಿಸಿದ ಕಾಯಂ ಕೆಲಸದ ಖರ್ಚನ್ನು ಕಳೆಯಬಹುದು, ಬಿಲ್ ಇದ್ದರೆ. ಬಣ್ಣ ಬಳಿಸಿದ್ದೆಲ್ಲ ಅದಕ್ಕೆ ಸೇರುವುದಿಲ್ಲ. ಆಡಿಟರ್ ಕಿಚನ್ ಬಿಲ್ ಕೇಳಿದರು. 18 ಪರ್ಸೆಂಟ್ ಜಿಎಸ್‌ಟಿ ಉಳಿಯುತ್ತೆ ಅಂತ ನಾನು ಬಿಲ್ಲೇ ತಗೊಂಡಿರಲಿಲ್ಲ.