ಸೀನಿಗೆ ಸೀರೆ ನಮ್ಮದೇ

ರಾಜ್‌ಕುಮಾರ್ ಸಮಾಧಿ ಇರೋ ಕಂಠೀರವ ಸ್ಟುಡಿಯೋ ಲಗ್ಗೆರೆಯ ನಮ್ಮನೆಗೆ ಹತ್ತಿರ. ಅದಕ್ಕೇ ಬೀದಿಯವರು "ಅಕ್ಕಾ, ನನ್ನನ್ನೂ ಶೂಟಿಂಗಿಗೆ ಕರ್ಕೊಂಡು ಹೋಗಿ" ಅಂತ ಬರ್ತಾನೇ ಇರ್ತಾರೆ. ಸ್ಟುಡಿಯೋ ಗೇಟಲ್ಲಿ ನಿಂತರೆ ಏನೂ ಸಿಗಲ್ಲ, ವಾಚ್‌ಮನ್ ಹತ್ತಿರ ಬೈಸ್ಕೊಂಡು ಬರಬೇಕು ಅಷ್ಟೆ. ನಾವು ಜೂನಿಯರ್ ಆರ್ಟಿಸ್ಟ್‌ಗಳು, ಅಂದರೆ ಸೀನಲ್ಲಿ ಹಿಂದೆ ಗುಂಪಾಗಿ ಕಾಣೋರು. ನಮ್ಮನ್ನ ಕರೆಸೋದು ಡೈರೆಕ್ಟರಲ್ಲ, ನಮ್ಮಂಥವರನ್ನ ಒದಗಿಸೋ ಏಜೆಂಟು. "ನಾಳೆ ಮದುವೆ ಸೀನು, 30 ಹೆಂಗಸರು ಬೇಕು" ಅಂತ ಪ್ರೊಡಕ್ಷನ್ ಮ್ಯಾನೇಜರ್ ಸಂಜೆ ಹೇಳಿದರೆ ರಾತ್ರಿಯೊಳಗೆ ನಮಗೆ ಫೋನ್ ಬರುತ್ತೆ.

ಆಗಲೇ ಹೋಗ್ತಿರೋರಿಂದ ಏಜೆಂಟ್ ನಂಬರ್ ಈಸ್ಕೊಳ್ಳಿ. ಬಿಸಿಲ ಬೆಳಕಲ್ಲಿ ತೆಗೆಸಿದ 2 ಫೋಟೋ ಸಾಕು: ಮುಖದ್ದೊಂದು, ನಿಂತಿದ್ದೊಂದು. ಫಿಲ್ಟರ್ ಬೇಡ. ವಯಸ್ಸು, ಎತ್ತರ, ಏರಿಯಾ, ಗಾಡಿ ಓಡಿಸ್ತೀರಾ ಅನ್ನೋದು ಬರೀರಿ. ದಿನಗೂಲಿಯಲ್ಲಿ ಅವರು ಎಷ್ಟು ಹಿಡ್ಕೋತಾರೆ ಅಂತ ಮೊದಲೇ ಕೇಳಿ. ರಿಜಿಸ್ಟ್ರೇಷನ್ ಫೀಸು, ಕಾರ್ಡು ಅಂದರೆ ಎದ್ದು ಬನ್ನಿ. ಮೊದಲ ವರ್ಷ ನಾನು ಒಂದು ಆಫೀಸಿಗೆ 2,000 ಕೊಟ್ಟೆ. ಮುಂದಿನ ವಾರ ಹೋದರೆ ಅಲ್ಲಿ ಟೈಲರ್ ಅಂಗಡಿ.

ಬಟ್ಟೆ ಬಹಳ ಸಲ ನಮ್ಮದೇ. ನನ್ನ ಬ್ಯಾಗಲ್ಲಿ ಒಂದು ರೇಷ್ಮೆ, ಒಂದು ಕಾಟನ್, ಸಾವಿನ ಮನೆ ಸೀನಿಗೆ ಒಂದು ಮಾಸಲು ಸೀರೆ, ಪಿನ್ನಿನ ಡಬ್ಬಿ. ಸಣ್ಣ ಗೆರೆ ಇರೋದು ಬೇಡ, ಕ್ಯಾಮೆರಾದಲ್ಲಿ ಅಲೆಅಲೆಯಾಗಿ ಕುಣಿಯುತ್ತೆ.

ಸೀನು ನಾಳೆಗೂ ಇದೆಯಾ ಅಂತ ಅಸಿಸ್ಟೆಂಟ್ ಡೈರೆಕ್ಟರನ್ನ ಕೇಳದೆ ಮನೆಗೆ ಹೋಗಬೇಡಿ. ಒಂದ್ಸಲ ಹಾಗೇ ಬಂದು, ರಾತ್ರಿ ತಂಗಿ ಮಗಳ ನಿಶ್ಚಿತಾರ್ಥಕ್ಕೆ ಮದರಂಗಿ ಹಚ್ಚಿಸ್ಕೊಂಡೆ. ಬೆಳಿಗ್ಗೆ ಅದೇ ಸೀನು! ಹಿಂದಿನ ದಿನದ ಶಾಟಲ್ಲಿ ಕೈ ಖಾಲಿ, ಈಗ ಕೆಂಪು. ಮುಂದಿನ ಸಾಲಲ್ಲಿದ್ದೋಳನ್ನ ಕೊನೇ ಸಾಲಿಗೆ ದಬ್ಬಿ, ಕೈ ಸೆರಗಿನೊಳಗೆ ಇಟ್ಕೊಳ್ಳಮ್ಮ ಅಂದರು.

ಪಾಸಿಂಗ್ ಅಂದರೆ ಹೀರೋ ಹಿಂದೆ ಸುಮ್ಮನೆ ದಾಟೋದು. ಸುಮ್ಮನೆ ಅಂತೀವಿ, ಆದರೆ ಟೇಕ್ ಐದಾದರೂ ಚೀಲ ಅದೇ ಕೈಯಲ್ಲಿರಬೇಕು, ಅದೇ ಕಂಬದಿಂದ ಹೊರಡಬೇಕು. ಲೆನ್ಸ್ ಕಡೆ ಕಣ್ಣು ಹೋಗಬಾರದು. ಪಕ್ಕದೋಳ ಜೊತೆ ಮಾತಾಡಿ ಅಂದರೆ ತುಟಿ ಮಾತ್ರ ಆಡಬೇಕು, ಸದ್ದು ಬರಬಾರದು. ನಾನು ಏಳರ ಮಗ್ಗಿ ಹೇಳ್ಕೋತೀನಿ. 'ಏಳೆಂಟ್ಲಿ ಐವತ್ತಾರು' ಅನ್ನುವಾಗ ನಿಜವಾಗ್ಲೂ ಯಾರದೋ ಮನೆ ವಿಷಯ ಹೇಳ್ತಿರೋ ಹಾಗೆ ಕಾಣುತ್ತಂತೆ.

ತಾರೀಖು, ಸಿನಿಮಾ, ಏಜೆಂಟ್ ಹೆಸರು ಪುಸ್ತಕದಲ್ಲಿ ಬರೆದಿಡಿ, ದುಡ್ಡು ವಾರ ಕಳೆದು ಬರೋದೂ ಇದೆ. ಔಟ್‌ಡೋರ್ ಆದರೆ ಟಾಯ್ಲೆಟ್ ಎಲ್ಲಿ, ಪ್ಯಾಕಪ್ ಆದಮೇಲೆ ವಾಪಸ್ ವ್ಯಾನ್ ಉಂಟಾ ಅಂತ ಕೇಳ್ಕೊಂಡೇ ಹತ್ತಿ. ಬಿಡದಿ ಕಡೆಯಿಂದ ರಾತ್ರಿ ಹತ್ತಕ್ಕೆ ಆಟೋದವನು ಕೇಳೋ ದುಡ್ಡಿಗೆ ಅವತ್ತಿನ ಕೂಲಿ ಪೂರ್ತಿ ಹೋಗುತ್ತೆ.